ಟೈಪ್‌ರೈಟರ್ ರಿಬ್ಬನ್‌ನಿಂದ ಚರ್ಮದವರೆಗೆ: ಲೇಸರ್ ಹನಿಯ ಕಥೆ

ಕೋರ್ಟ್ ಮುಂದೆ ನೋಟರಿಗಳ ಪಕ್ಕ ಈಗಲೂ ಒಂದೆರಡು ಟೈಪ್‌ರೈಟರ್ ಕಾಣ್ತವೆ. ಅದರ ಇಂಕಿನ ರಿಬ್ಬನ್‌ಗೆ ಅಚ್ಚಿನ ಬದಲು ಲೇಸರ್ ಹೊಡೆದ್ರೆ ಏನಾಗುತ್ತೆ? 1970ರಲ್ಲಿ ಅಮೆರಿಕದ ಎಂಜಿನಿಯರ್‌ಗಳು ಇದನ್ನ ಮಾಡಿ ತೋರಿಸಿದ್ರು. ಬೆಳಕು ಬಿದ್ದಷ್ಟು ಜಾಗದ ಇಂಕು ರಿಬ್ಬನ್ ಬಿಟ್ಟು ಎದುರಿಗೆ ಹಾರಿತು. 1986ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಬೊಹಾಂಡಿ, ಕಿಮ್, ಏಡ್ರಿಯನ್ ಮೂವರು ಇಂಕಿನ ಬದಲು ತಾಮ್ರವನ್ನ ಹಾರಿಸಿ ಸಿಲಿಕಾನ್ ಮೇಲೆ ಕೂರಿಸಿದ್ರು.

ಇದಕ್ಕೂ ಜೀವಶಾಸ್ತ್ರಕ್ಕೂ ಏನು ಸಂಬಂಧ? ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇದ್ದವರಿಗೆ ಗೊತ್ತು, ನಾಲ್ಕು ತಿಂಗಳು ಬಳಸದಿದ್ರೆ ನಾಜಲ್ ಕಟ್ಟಿಕೊಳ್ಳುತ್ತೆ. ಜೀವಕೋಶ ತುಂಬಿದ ಗಟ್ಟಿ ದ್ರವ ಹಾಕಿದ್ರೆ ಕೇಳೋದೇ ಬೇಡ. ಲೇಸರ್ ವಿಧಾನದಲ್ಲಿ ನಾಜಲ್ಲೇ ಇಲ್ಲ!

ಒಂದು ಗಾಜಿನ ಪಟ್ಟಿ. ಅದರ ಕೆಳಮುಖಕ್ಕೆ ತೆಳ್ಳಗಿನ ಚಿನ್ನದ ಲೇಪ (ರೇಟ್ ಕೇಳ್ಬೇಡಿ, ದಪ್ಪ ಬರೀ ನ್ಯಾನೊಮೀಟರ್‌ಗಳಲ್ಲಿ). ಅದಕ್ಕೆ ಅಂಟಿದಂತೆ ದ್ರವದ ಪದರ. ಮೇಲಿಂದ ಲೇಸರ್ ಮಿಂಚಿದಾಗ ಲೇಪ ಕಾದು ಆವಿಯಾಗಿ ಗುಳ್ಳೆ ಏಳುತ್ತೆ. ರಾಗಿ ಅಂಬಲಿ ಕುದಿಯುವಾಗ ಗುಳ್ಳೆ ಎದ್ದು ಕೈಗೆ ಚಿಮ್ಮುತ್ತಲ್ಲ, ಹಾಗೇ, ಆದ್ರೆ ತಲೆಕೆಳಗಾಗಿ. ಸೂಜಿಯಂಥ ಧಾರೆ ಇಳಿದು ಕೆಳಗಿನ ತಟ್ಟೆ ಮೇಲೆ ಹನಿಯಾಗಿ ಕೂರುತ್ತೆ. ಶಕ್ತಿ ಕಡಿಮೆಯಾದ್ರೆ ಹನಿ ಬೀಳೋದೇ ಇಲ್ಲ, ಜಾಸ್ತಿಯಾದ್ರೆ ಎಲ್ಲಾ ಕಡೆ ಎರಚುತ್ತೆ. ಹನಿಯ ಅಳತೆ ಪಿಕೊಲೀಟರ್‌ಗಳಲ್ಲಿ. ಬಿಕಾಂ ಭಾಷೆಯಲ್ಲಿ ಹೇಳ್ಬೇಕಂದ್ರೆ ಒಂದು ಲೀಟರನ್ನ ಲಕ್ಷ ಕೋಟಿ ಪಾಲು ಮಾಡಿದ್ರೆ ಸಿಗೋ ಒಂದು ಪಾಲು ಅದು.

ನನ್ನ ಪ್ರಕಾರ ಈ ಕಥೆಯ ನಿಜವಾದ ತಿರುವು ಆ ಲೇಪ. ಅಮೆರಿಕದ ನೇವಲ್ ರಿಸರ್ಚ್ ಲ್ಯಾಬೊರೇಟರಿಯ ಮೊದಮೊದಲ ಪ್ರಯೋಗಗಳಲ್ಲಿ ಬೆಳಕು ನೇರ ದ್ರವಕ್ಕೇ ತಾಗ್ತಿತ್ತು. ಅಲ್ಟ್ರಾವಯೊಲೆಟ್ ಬೆಳಕು ಡಿಎನ್‌ಎಗೆ ಒಳ್ಳೇದಲ್ಲ. 2004ರ ಹೊತ್ತಿಗೆ ಅಲ್ಲಿನ ಬ್ಯಾರನ್, ರಿಂಗೈಸನ್ ತಂಡ ನಡುವೆ ಲೋಹದ ಲೇಪ ಇಟ್ಟಿತು. ಬೆಳಕಿನ ಪೆಟ್ಟು ಲೇಪಕ್ಕೆ, ನೂಕು ಮಾತ್ರ ಕೋಶಕ್ಕೆ. ಹಾರಿಬಿದ್ದ ಕೋಶಗಳು ಬಹುತೇಕ ಎಲ್ಲವೂ ಬದುಕಿದ್ವು. ಅದೇ ವರ್ಷ ಬಾರ್ಸಿಲೋನಾದಲ್ಲಿ ಡಿಎನ್‌ಎ ಹನಿಗಳನ್ನ ಸಾಲಾಗಿ ಪ್ರಿಂಟ್ ಮಾಡಿದ್ರು.

2013ರಲ್ಲಿ ಜರ್ಮನಿಯ ಹ್ಯಾನೋವರ್ ತಂಡ ಚರ್ಮದ ಎರಡು ಬಗೆಯ ಕೋಶಗಳನ್ನ 20-20 ಪದರ ಪ್ರಿಂಟ್ ಮಾಡಿ ಇಲಿಗಳ ಬೆನ್ನಿನ ಗಾಯಕ್ಕೆ ಕೂರಿಸಿತು. 11 ದಿನಕ್ಕೆ ಅದು ಪದರ ಪದರವಾದ ಚರ್ಮದ ರೂಪ ಪಡೆದಿತ್ತು. ಗಾಯದ ಕಡೆಯಿಂದ ಕೆಲವು ರಕ್ತನಾಳಗಳೂ ಅದರತ್ತ ಬೆಳೆಯೋಕೆ ಶುರುಮಾಡಿದ್ವು.

"ಚರ್ಮ ಪ್ರಿಂಟ್ ಮಾಡ್ತಾರೆ" ಅಂತ ವಾಟ್ಸಾಪ್‌ನಲ್ಲಿ ಬಂದ್ರೆ, ಯಾರ ಬೆನ್ನಿಗೆ ಅಂತ ಒಮ್ಮೆ ಕೇಳಿ. ಸುಟ್ಟಗಾಯವಾದ ಮನುಷ್ಯನಿಗೆ ಬೇಕಾಗೋ ಚರ್ಮದ ಅಳತೆ ಇಲಿಯ ಗಾಯದಷ್ಟಲ್ಲ, ಮತ್ತು ರಕ್ತನಾಳ ಬಂದು ಸೇರದಿದ್ರೆ ದಪ್ಪ ಪದರ ಬದುಕಲ್ಲ.