ಅವಿಭಾಜ್ಯ

ಪಾಲಾಗದೆ ಇರುವುದಕ್ಕೆ ಕನ್ನಡದಲ್ಲಿ ಮೂರು ಪದಗಳಿವೆ, ಮೂರೂ ಸಂಸ್ಕೃತದಿಂದ ಬಂದವು. ಅಣ್ಣತಮ್ಮಂದಿರು ಇನ್ನೂ ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದರೆ ಅದು ಅವಿಭಕ್ತ ಕುಟುಂಬ. ಜಿಲ್ಲೆಯಾದರೆ ಅವಿಭಜಿತ. ಈ ಎರಡನೆಯದರ ತಮಾಷೆ ನೋಡಿ, ಒಡೆಯುವ ತನಕ ಯಾರೂ ಆ ಹೆಸರು ಎತ್ತುವುದಿಲ್ಲ. ದಾವಣಗೆರೆ, ಹರಿಹರ ಎರಡೂ ಬರೀ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. 1997ರ ಆಗಸ್ಟ್ 15ರಂದು ದಾವಣಗೆರೆ ಬೇರೆಯಾಯಿತು, ಹಳೆಯದು ‘ಅವಿಭಜಿತ ಚಿತ್ರದುರ್ಗ’ವಾಯಿತು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ಅಲ್ಲಿಯವರು ಯಾವುದನ್ನು ಅವಿಭಜಿತ ಅನ್ನಬೇಕೋ!

ಮೂರನೆಯದು ಅವಿಭಾಜ್ಯ. ಒಡೆಯಲು ಬಾರದ್ದು ಎಂದು ಅರ್ಥ. ಭಾಷಣಗಳಲ್ಲಿ ಬೆಣ್ಣೆದೋಸೆಯಿಂದ ಸಹಕಾರ ಸಂಘದವರೆಗೆ ಎಲ್ಲವೂ ಯಾವುದೋ ಒಂದರ ಅವಿಭಾಜ್ಯ ಅಂಗ. ಪದವನ್ನು ಬಿಗಿಯಾಗಿ ಬಳಸುವವರು ಗಣಿತದ ಮೇಷ್ಟ್ರುಗಳು ಮಾತ್ರ. ಒಂದಕ್ಕಿಂತ ದೊಡ್ಡದಾಗಿದ್ದು, ಒಂದು ಮತ್ತು ತಾನು ಬಿಟ್ಟರೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅಷ್ಟೇ ಅವರು ಈ ಬಿರುದು ಕೊಡುತ್ತಾರೆ.

ಹರಿಹರದ ಪಿನ್ ಕೋಡ್ 577601 ಅಂಥ ಸಂಖ್ಯೆ. 760ರ ವರ್ಗಕ್ಕೆ ಒಂದು ಕೂಡಿಸಿದರೆ ಇದು ಸಿಗುತ್ತದೆ. ಪರೀಕ್ಷಿಸಲು 760ರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಅವು 134. ವರ್ಗಕ್ಕೆ ಒಂದು ಸೇರಿದ ಸಂಖ್ಯೆಯನ್ನು 3, 7, 11, 19ರಂಥವು, ಅಂದರೆ ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಸುವ ಅವಿಭಾಜ್ಯಗಳು, ಎಂದೂ ಭಾಗಿಸವು. ಬೆಸಸಂಖ್ಯೆಯಾದ್ದರಿಂದ 2 ಕೂಡ ಬೇಡ. ಉಳಿದ 63ರಲ್ಲಿ ಯಾವುದಕ್ಕೂ ಇದು ಬಗ್ಗುವುದಿಲ್ಲ. ಪಕ್ಕದ ದಾವಣಗೆರೆಯ 577001 ಮಾತ್ರ 23 × 25087 ಎಂದು ಸಲೀಸಾಗಿ ಪಾಲಾಗುತ್ತದೆ.

ಮೊದಲ ಮೂರಂಕಿ 577 ಕೂಡ ಅವಿಭಾಜ್ಯ, 24ರ ವರ್ಗಕ್ಕೆ ಒಂದು ಸೇರಿದ್ದು. ಪಿನ್ ಕೋಡ್ ಜಾರಿಯಾದದ್ದು 1972ರ ಆಗಸ್ಟ್ 15ರಂದು. ಚಿತ್ರದುರ್ಗ, ಶಿವಮೊಗ್ಗ, ಚಿಕ್ಕಮಗಳೂರು ಪಟ್ಟಣಗಳ ಪಿನ್ ಕೂಡ 577ರಿಂದಲೇ ಶುರು. ಜಿಲ್ಲೆ ಒಡೆದರೂ ಅಂಚೆಯವರು ಅದನ್ನು ಒಡೆಯಲಿಲ್ಲ. ಇಂಥ ‘ವರ್ಗದ ಮೇಲೊಂದು’ ಅವಿಭಾಜ್ಯಗಳಿಗೆ ಕೊನೆಯುಂಟೇ ಎಂಬುದು 1912ರಲ್ಲಿ ಎಡ್ಮಂಡ್ ಲ್ಯಾಂಡೌ ಕೇಂಬ್ರಿಜ್‌ನ ಗಣಿತ ಸಮ್ಮೇಳನದಲ್ಲಿ ಮುಂದಿಟ್ಟ ನಾಲ್ಕು ಪ್ರಶ್ನೆಗಳಲ್ಲೊಂದು. ಉತ್ತರ ಇನ್ನೂ ಸಿಕ್ಕಿಲ್ಲ.

ಹೊಯ್ಸಳರ ದಂಡನಾಯಕ ಪೊಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಬಲಗಡೆ ಹರ, ಎಡಗಡೆ ಹರಿ, ಮೈ ಒಂದೇ. ಅಂಥ ಊರಿಗೆ ಇಂಥ ಸಂಖ್ಯೆ ಬಿದ್ದದ್ದು ಶುದ್ಧ ಕಾಕತಾಳೀಯ. ಅಂಚೆ ಇಲಾಖೆ ದೇವರಲ್ಲಿ ಹೂ ಕೇಳಿ ಸಂಖ್ಯೆ ಹಂಚಲಿಲ್ಲ. ಆದರೂ ಬಿರುದು ನಿಜವಾಗಿ ಒಪ್ಪುವುದು ಇಂಥ ಸಂಖ್ಯೆಗೇ. ಇನ್ನು ಮುಂದೆ ವೇದಿಕೆಯ ಮೇಲಿಂದ ಯಾರಾದರೂ ‘ಅವಿಭಾಜ್ಯ ಅಂಗ’ ಎಂದರೆ ಅವಿಭಕ್ತ ಎಂದೇ ಕೇಳಿಸಿಕೊಳ್ಳಿ, ಇನ್ನೂ ಪಾಲಾಗಿಲ್ಲ ಅಷ್ಟೇ.