ಚಳಿಗಾಲದ ಬೆನಿಡಾರ್ಮ್ ತೆರೆದಿಟ್ಟ ಅಜ್ಜ-ಅಜ್ಜಿಯರು (ಭಾಗ 4)

ಆಫ್ ಸೀಸನ್‌ನಲ್ಲಿ ಹೋದ್ರೆ ಯೂರೋಪ್ ಅಗ್ಗ ಅಂತೀವಿ. ಯಾಕೆ ಅಂತ ಯೋಚಿಸಿದ್ದೀರಾ?

ಸ್ಪೇನ್‌ನ ಬೆನಿಡಾರ್ಮ್ ನೋಡಿ. ಒಂದು ಕಾಲಕ್ಕೆ ಮೀನುಗಾರರ ಊರು. 1956ರ ನಗರ ಯೋಜನೆ ಆದಮೇಲೆ ಕಡಲ ದಂಡೆ ತುಂಬ ಎತ್ತರದ ಹೋಟೆಲ್‌ಗಳು ಎದ್ದವು. ಬೇಸಿಗೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಚಳಿಗಾಲ ಬಂತೋ, ರೂಮ್ ಖಾಲಿ, ಕೆಲಸದವರು ಮನೆಗೆ. ಕಾಸ್ಟಿಂಗ್ ಕ್ಲಾಸ್ ನೆನಪಿದೆಯಲ್ಲ? ರೂಮ್ ಖಾಲಿ ಇದ್ರೂ ಫಿಕ್ಸೆಡ್ ಕಾಸ್ಟ್ ಮಾತ್ರ ನಿಲ್ಲಲ್ಲ!

1985ರಲ್ಲಿ ಅಲ್ಲಿನ ಸರ್ಕಾರ ಒಂದು ದಾರಿ ಹುಡುಕಿತು: ಸೀಸನ್ ಇಲ್ಲದ ತಿಂಗಳಲ್ಲಿ ಪಿಂಚಣಿದಾರರಿಗೆ ಪ್ರವಾಸ. ಖರ್ಚಲ್ಲಿ ಒಂದು ಪಾಲು ಸರ್ಕಾರದ್ದು, ಉಳಿದದ್ದು ಅವರದ್ದು. ಹೋಟೆಲ್ ತೆರೆದಿದ್ರೆ ಕೆಲಸ ಉಳಿಯುತ್ತೆ, ನಿರುದ್ಯೋಗ ಭತ್ಯೆ ಉಳಿಯುತ್ತೆ, ತೆರಿಗೆನೂ ಬರುತ್ತೆ. ಇಮ್ಸೆರ್ಸೊ ಹೆಸರಲ್ಲಿ ಅದು ಇವತ್ತಿಗೂ ನಡೀತಿದೆ. ಕೊಡೋ ದರ ಸಾಲಲ್ಲ ಅನ್ನೋದು ಹೋಟೆಲ್‌ನವರ ಹಳೇ ತಕರಾರು.

ಆದರೆ ಲೆಕ್ಕದ ಪುಸ್ತಕದಲ್ಲಿ ಬರದ ಒಂದು ಲಾಭ ಇದೆ. ಮೊದಮೊದಲು ಹೋದವರು 1936–39ರ ಅಂತರ್ಯುದ್ಧ, ಆಮೇಲೆ ಫ್ರಾಂಕೊನ ಸರ್ವಾಧಿಕಾರ ಕಂಡ ತಲೆಮಾರು. ಎಷ್ಟೋ ಜನರಿಗೆ ಅದೇ ಬದುಕಿನ ಮೊದಲ ಪ್ರವಾಸ.

ನೀವೂ ಒಂದಿನ ಫೆಬ್ರವರಿಯಲ್ಲಿ ಅಲ್ಲಿ ಕಡಿಮೆ ದುಡ್ಡಿಗೆ ರೂಮ್ ಹಿಡಿದ್ರೆ, ಆ ಅಜ್ಜ-ಅಜ್ಜಿಯರನ್ನ ನೆನೆಸ್ಕೊಳ್ಳಿ. ಹೋಟೆಲ್ ಬಾಗಿಲು ತೆರೆದಿರೋದ್ರಲ್ಲಿ ಅವರದ್ದೂ ಪಾಲಿದೆ.