ಗೋ ಭಾಷೆಯಲ್ಲಿ ಮಿಶ್ರ ಟೈಪಿನ ಜೇಸನ್ ಮೌಲ್ಯಗಳು

ಜೇಸನ್ ದತ್ತಾಂಶದ ಒಂದೇ ಕ್ಷೇತ್ರದಲ್ಲಿ ಒಮ್ಮೆ ಸಂಖ್ಯೆ, ಒಮ್ಮೆ ಸ್ಟ್ರಿಂಗ್, ಮತ್ತೊಮ್ಮೆ ಅರೇ ಬರುವುದುಂಟು. ಇಂಥವು ಮಿಶ್ರ ಟೈಪಿನ ಮೌಲ್ಯಗಳು. ಜೇಸನ್ ಲೆಕ್ಕದಲ್ಲಿ ಇದು ತಪ್ಪಲ್ಲ: 2017ರ ಆರ್‌ಎಫ್‌ಸಿ 8259 ಮಾನಕವು ಮೌಲ್ಯಗಳ ಬಗೆಗಳನ್ನು ಹೇಳುತ್ತದೆಯೇ ಹೊರತು ಯಾವ ಕ್ಷೇತ್ರದಲ್ಲಿ ಯಾವುದಿರಬೇಕೆಂದು ಕಟ್ಟುಮಾಡುವುದಿಲ್ಲ. ತೊಡಕು ಎದುರಾಗುವುದು ಟೈಪನ್ನು ಕಂಪೈಲ್ ಹಂತದಲ್ಲೇ ಗೊತ್ತುಮಾಡುವ ಗೋದಂಥ ಭಾಷೆಗಳಲ್ಲಿ.

ಎಷ್ಟೋ ಸಲ ಈ ಬೆರಕೆ ಕಳುಹಿಸುವ ಕಡೆಯಿಂದಲೇ ಬರುತ್ತದೆ. ಪಿಎಚ್‌ಪಿಯಲ್ಲಿ ಪಟ್ಟಿಗೂ ಕೀ–ಮೌಲ್ಯದ ಜೋಡಿಗಳಿಗೂ ಅರೇ ಒಂದೇ. ಅದು ಖಾಲಿಯಿದ್ದರೆ ಆಬ್ಜೆಕ್ಟ್ ಇರಬೇಕಾದ ಜಾಗದಲ್ಲಿ ಖಾಲಿ ಪಟ್ಟಿ ಬಂದು ಕೂರುತ್ತದೆ.

ಗೋದಲ್ಲಿ ಸುಲಭದ ದಾರಿಯೆಂದರೆ ಮೌಲ್ಯವನ್ನು ಖಾಲಿ ಇಂಟರ್‌ಫೇಸ್‌ಗೆ ಓದಿಸುವುದು, 2022ರ 1.18ನೇ ಆವೃತ್ತಿಯಿಂದ ಇದಕ್ಕೆ ‘ಎನಿ’ ಎಂಬ ಹೆಸರೂ ಇದೆ. ಏನು ಬಂದರೂ ಅದರಲ್ಲಿ ಹಿಡಿಸುತ್ತದೆ, ಬಳಿಕ ಟೈಪ್ ಸ್ವಿಚ್‌ನಿಂದ ಬಿಡಿಸಿಕೊಳ್ಳಬೇಕು. ಹೊಸಬರು ಎಡವುವುದು ಇಲ್ಲೇ. ಸಂಖ್ಯೆಗಳೆಲ್ಲ ಫ್ಲೋಟ್64 ಆಗಿ ಬರುವುದರಿಂದ ಸ್ವಿಚ್‌ನ ‘ಇಂಟ್’ ಶಾಖೆ ಎಂದೂ ಓಡುವುದಿಲ್ಲ. ಇದಾದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನಿಜವಾದ ಅಪಾಯ ಸದ್ದಿಲ್ಲದ್ದು. 2ರ 53ನೇ ಘಾತವನ್ನು ಮೀರಿದ ಎಷ್ಟೋ ಪೂರ್ಣಾಂಕಗಳು ಫ್ಲೋಟ್64ರಲ್ಲಿ ನಿಖರವಾಗಿ ಉಳಿಯುವುದಿಲ್ಲ. 9007199254740993 ಎಂದು ಬಂದ ಐಡಿ ಕೊನೆಗೆ 2 ಇರುವ ಐಡಿಯಾಗಿಬಿಡುತ್ತದೆ, ಯಾವ ದೋಷಸೂಚನೆಯೂ ಇಲ್ಲದೆ. ಟ್ವಿಟರ್ 2010ರಲ್ಲಿ ಟ್ವೀಟ್ ಐಡಿಗಳನ್ನು ಸ್ಟ್ರಿಂಗ್ ರೂಪದಲ್ಲೂ ಕೊಡತೊಡಗಿದ್ದು ಜಾವಾಸ್ಕ್ರಿಪ್ಟ್‌ನ ಇದೇ ಮಿತಿಯ ಕಾರಣಕ್ಕೆ. ಗೋ ಡಿಕೋಡರ್‌ನಲ್ಲಿ ‘ಯೂಸ್‌ನಂಬರ್’ ಕರೆದರೆ ಅಂಕಿಗಳು ಬಂದ ಹಾಗೆಯೇ ಪಠ್ಯವಾಗಿ ಉಳಿಯುತ್ತವೆ.

ಇನ್ನೊಂದು ದಾರಿ, ತೀರ್ಮಾನವನ್ನೇ ಮುಂದೂಡುವುದು. ನಕ್ಷೆಗಳಿಗೆ ಬಳಸುವ ಜಿಯೋಜೇಸನ್ (ಆರ್‌ಎಫ್‌ಸಿ 7946, 2016) ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ‘ಕೋಆರ್ಡಿನೇಟ್ಸ್’ ಕ್ಷೇತ್ರವು ಬಿಂದುವಿಗೆ ಸಂಖ್ಯೆಗಳ ಅರೇ, ರೇಖೆಗೆ ಅರೇಗಳ ಅರೇ, ಬಹುಭುಜಕ್ಕೆ ಮತ್ತೂ ಒಂದು ಪದರ ಆಳ. ಯಾವ ಆಕೃತಿಯೆಂದು ಹೇಳುವ ‘ಟೈಪ್’ ಕ್ಷೇತ್ರ ಅದಕ್ಕಿಂತ ಮುಂಚೆ ಬರಲೇಬೇಕೆಂದಿಲ್ಲ, ಜೇಸನ್ ಆಬ್ಜೆಕ್ಟ್‌ನಲ್ಲಿ ಕ್ಷೇತ್ರಗಳ ಕ್ರಮಕ್ಕೆ ಅರ್ಥವಿಲ್ಲವಲ್ಲ. ಆದ್ದರಿಂದ ಕೋಆರ್ಡಿನೇಟ್‌ಗಳನ್ನು ‘ರಾಮೆಸೇಜ್’ ಎಂಬ ಕಚ್ಚಾ ಬೈಟ್‌ಗಳ ಟೈಪಿನಲ್ಲಿ ಇಟ್ಟುಕೊಂಡು, ಆಕೃತಿ ತಿಳಿದ ಮೇಲೆ ಎರಡನೇ ಸಲ ಡಿಕೋಡ್ ಮಾಡುತ್ತಾರೆ.

ಮಿಶ್ರ ಕ್ಷೇತ್ರ ಹಲವು ಕಡೆ ಮರುಕಳಿಸುವುದಾದರೆ ಅದಕ್ಕೊಂದು ಹೊಸ ಟೈಪ್ ಮಾಡಿ, ‘ಅನ್‌ಮಾರ್ಷಲ್‌ಜೇಸನ್’ ಮೆಥಡ್ ಬರೆಯುವುದೇ ಲೇಸು. ಬೆರಕೆ ಬಾಗಿಲಲ್ಲೇ ನಿಲ್ಲುತ್ತದೆ, ಒಳಗಿನ ಕೋಡ್‌ಗೆ ಅದರ ಗೊಡವೆಯಿಲ್ಲ. ಈ ಮೆಥಡ್‌ನೊಳಗೆ ಅದೇ ಟೈಪಿಗೆ ಮತ್ತೆ ಡಿಕೋಡ್ ಕರೆದರೆ ಮಾತ್ರ ಕೊನೆಯಿಲ್ಲದ ಪುನರಾವರ್ತನೆಯಾಗಿ ಪ್ರೋಗ್ರಾಂ ಕುಸಿಯುತ್ತದೆ. ಅದೇ ರಚನೆಯ, ಮೆಥಡ್‌ಗಳಿಲ್ಲದ ಇನ್ನೊಂದು ಟೈಪನ್ನು ಸ್ಥಳೀಯವಾಗಿ ಘೋಷಿಸಿಕೊಂಡು ಅದಕ್ಕೆ ಓದಿಸುವುದು ವಾಡಿಕೆ.

ನಲ್‌ನ ಕಥೆ ಬೇರೆ. ಪೂರ್ಣಾಂಕದ ಕ್ಷೇತ್ರಕ್ಕೆ ನಲ್ ಬಂದರೆ ಗೋ ದೋಷ ತೋರಿಸುವುದಿಲ್ಲ, ಇದ್ದ ಮೌಲ್ಯವನ್ನು ಮುಟ್ಟುವುದೂ ಇಲ್ಲ. ಸೊನ್ನೆಗೂ ನಲ್‌ಗೂ ವ್ಯತ್ಯಾಸ ಬೇಕಿದ್ದರೆ ಪಾಯಿಂಟರ್ ಬಳಸಬೇಕು.

ರಸ್ಟ್ ಭಾಷೆಯ ಸರ್ಡೆ ಜೇಸನ್ ಲೈಬ್ರರಿಯಲ್ಲಿ ಯಾವುದೇ ಜೇಸನ್ ಮೌಲ್ಯ 6 ರೂಪಗಳ ಒಂದು ಈನಮ್. ‘ಮ್ಯಾಚ್’ ಬರೆಯುವಾಗ ಒಂದು ರೂಪ ಬಿಟ್ಟುಹೋದರೂ ಕಂಪೈಲರ್ ತಡೆಯುತ್ತದೆ. ಗೋದ ಟೈಪ್ ಸ್ವಿಚ್‌ಗೆ ಆ ಕಾವಲಿಲ್ಲ. ‘ಡಿಫಾಲ್ಟ್’ ಶಾಖೆ ಬರೆದು ಅಲ್ಲಿ ದೋಷ ಹಿಂತಿರುಗಿಸುವ ಹೊಣೆ ಪ್ರೋಗ್ರಾಮರನದೇ.